ಝಪೊಟೆಕ್ ಮೂರ್ತಿಕುಂಭಗಳ ವಿವರಫಲಕ ಕುರಿತು ವಸ್ತುಸಂಗ್ರಹಾಲಯಗಳ ನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಮೆಕ್ಸಿಕೊ ದೇಶದ ದಕ್ಷಿಣಕ್ಕಿರುವ ವಹಾಕಾ ಕಣಿವೆಯ ಝಪೊಟೆಕ್ ಜನರು ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ರೂಪಿಸಿದ ಮೂರ್ತಿಗಳು ಇಂದು ಅವರ ನಾಡಿನಲ್ಲಿ ಮಾತ್ರವಲ್ಲದೆ ನ್ಯೂಯಾರ್ಕ್, ಟೊರಾಂಟೊ, ಲಂಡನ್, ಪ್ಯಾರಿಸ್, ಬರ್ಲಿನ್ ನಗರಗಳ ವಸ್ತುಸಂಗ್ರಹಾಲಯಗಳಲ್ಲೂ ಇವೆ. ಮೆಕ್ಸಿಕೊದ ಹೊರಗೆ ಅವುಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳ ನಿರ್ದೇಶಕರನ್ನೂ ಆ ಸಂಗ್ರಹಗಳ ಹೊಣೆ ಹೊತ್ತ ಅಧಿಕಾರಿಗಳನ್ನೂ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ನಿಮ್ಮ ಸಂಸ್ಥೆಗಳ ಬಾಗಿಲು ಇಡೀ ಜಗತ್ತಿಗೆ ತೆರೆದಿದೆ ಎಂದು ನೀವು ಹೇಳುತ್ತೀರಿ. ಆ ಬಾಗಿಲಿನಿಂದ ಒಳಗೆ ಬರುವವರಲ್ಲಿ ಈಗ ಕನ್ನಡಿಗರೂ ಬಹಳ ಮಂದಿ ಇದ್ದಾರೆ. ನಿಮ್ಮಲ್ಲಿ ನಾನು ಮಾಡಿಕೊಳ್ಳುವ ಕೋರಿಕೆಗೆ ಅವರು ಸಾಕ್ಷಿಗಳಾಗಿರಲಿ, ಸಾಧ್ಯವಾದರೆ ಜೊತೆಗೂಡಲಿ ಎಂಬುದು ನನ್ನ ಆಸೆ.

ನಾನು ಪುರಾತತ್ವ ವಿದ್ವಾಂಸನಲ್ಲ. ಮಲೆನಾಡಿನ ಪ್ರೌಢಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಅಧ್ಯಾಪಕ. ಮಗನ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ಸಮುದ್ರದಾಚೆಗೆ ಹೋಗಿದ್ದಾಗ, ಅವನೂ ಸೊಸೆಯೂ ಕೆಲಸಕ್ಕೆ ಹೊರಟ ಮೇಲೆ ಉಳಿಯುತ್ತಿದ್ದ ಉದ್ದನೆಯ ಹಗಲುಗಳನ್ನು ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಕಳೆಯುತ್ತಿದ್ದೆ. ಅಲ್ಲಿನ ಒಂದು ಕೋಣೆಯ ಮೂಲೆಯಲ್ಲಿ ನಾನು ಮೊದಲ ಸಲ ಝಪೊಟೆಕ್ ಮೂರ್ತಿಯೊಂದನ್ನು ಕಂಡೆ. ಬೂದು ಬಣ್ಣದ ಮಣ್ಣು. ಚಕ್ಕಳಮಕ್ಕಳ ಹಾಕಿ ಕುಳಿತ ಆಳು. ಮೊಣಕಾಲುಗಳ ಮೇಲೆ ಊರಿದ ಎರಡು ಕೈ. ಕಿವಿಗಳಲ್ಲಿ ಬಟ್ಟಲಿನಷ್ಟು ದೊಡ್ಡ ಓಲೆ. ಮುಖದ ಮೇಲೆ ಮುಖವಾಡ, ಅದರ ಬಾಯಿಂದ ಹೊರಚಾಚಿದ ಸೀಳು ನಾಲಿಗೆ. ತಲೆಯ ಮೇಲೆ ದೇಹಕ್ಕಿಂತಲೂ ಎತ್ತರವಾದ, ಗರಿಗಳನ್ನೂ ಚಿಹ್ನೆಗಳನ್ನೂ ಒಂದರ ಮೇಲೊಂದು ಮೆತ್ತಿ ಕಟ್ಟಿದ ಕಿರೀಟ. ಬದಿಗೆ ಸರಿದು ನೋಡಿದರೆ ಮಾತ್ರ ತಿಳಿಯುತ್ತಿತ್ತು, ಆ ಆಳಿನ ಬೆನ್ನಿಗೆ ಅಂಟಿಕೊಂಡು ಒಂದು ಕೊಳವೆಯಾಕಾರದ ಪಾತ್ರೆಯಿದೆ, ಇಷ್ಟು ವೈಭವವೆಲ್ಲ ಆ ಪಾತ್ರೆಯ ಮುಂಭಾಗ ಎಂದು.

ವಿವರಫಲಕದಲ್ಲಿ ಇದ್ದದ್ದು ಇಷ್ಟೇ: ಶವಸಂಸ್ಕಾರದ ಅರ್ನ್, ಝಪೊಟೆಕ್, ಮೆಕ್ಸಿಕೊ, ಕ್ರಿ.ಶ. 200ರಿಂದ 900, ದಾನವಾಗಿ ಬಂದದ್ದು. ಇತಿಹಾಸದ ಮೇಷ್ಟ್ರಾಗಿದ್ದವನಿಗೆ ಈ ಏಳು ನೂರು ವರ್ಷದ ಅವಧಿ ಮೊದಲು ಕಣ್ಣಿಗೆ ಚುಚ್ಚಿತು. ಒಂದು ಶಿಲ್ಪವನ್ನು ತೋರಿಸಿ, ಇದು ಕದಂಬರಿಂದ ಕಲ್ಯಾಣದ ಚಾಲುಕ್ಯರವರೆಗೆ ಯಾವಾಗಲೋ ಒಮ್ಮೆ ಆದದ್ದು ಎಂದು ನಾನು ತರಗತಿಯಲ್ಲಿ ಹೇಳಿದ್ದರೆ ಹತ್ತನೆಯ ತರಗತಿಯ ಮಕ್ಕಳೂ ಒಪ್ಪುತ್ತಿರಲಿಲ್ಲ. ಯಾವ ಊರಿನಲ್ಲಿ ಸಿಕ್ಕಿತು, ಯಾರು ಅಗೆದರು, ಯಾವ ವರ್ಷ ಇಲ್ಲಿಗೆ ಬಂತು, ಪರೀಕ್ಷೆಗೆ ಒಳಪಡಿಸಿದ್ದೀರಾ ಎಂದು ಕೇಳಿ ನಾನು ಆ ಸಂಸ್ಥೆಗೆ ಪತ್ರ ಬರೆದೆ. ದಾಖಲೆಗಳು ಸೀಮಿತವಾಗಿವೆ ಎಂಬ ಎರಡು ಸಾಲಿನ ವಿನಯದ ಉತ್ತರ ಬಂತು. ಆ ಸಂಸ್ಥೆಯನ್ನು ಇಲ್ಲಿ ಹೆಸರಿಸುವುದಿಲ್ಲ, ಏಕೆಂದರೆ ನನ್ನ ದೂರು ಒಂದು ಸಂಸ್ಥೆಯ ಮೇಲಲ್ಲ. ಆ ಉತ್ತರ ಬಂದ ಮೇಲೆ ನಾನು ಈ ಮೂರ್ತಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುತ್ತ ಹೋದಂತೆ, ಆ ಪುಟ್ಟ ಫಲಕದ ಪ್ರತಿಯೊಂದು ಪದದ ಹಿಂದೆಯೂ ಒಂದು ಪ್ರಶ್ನೆ ಅಡಗಿದೆ ಎಂಬುದು ಗೊತ್ತಾಯಿತು.

ಮೊದಲನೆಯದು ಹೆಸರಿನ ಪ್ರಶ್ನೆ. ಅರ್ನ್ ಎಂದರೆ ಯುರೋಪಿನ ಓದುಗನ ಮನಸ್ಸಿಗೆ ಬರುವುದು ಸುಟ್ಟ ಶವದ ಬೂದಿ ತುಂಬಿಡುವ ಪಾತ್ರೆ. ಹಳೆಯ ಕಾಲದ ಸಂಗ್ರಾಹಕರು ಈ ವಸ್ತುಗಳನ್ನು ಗೋರಿಗಳಲ್ಲಿ ಕಂಡರು, ಹಿಂಬದಿಯಲ್ಲಿ ಪಾತ್ರೆಯಿರುವುದನ್ನು ಕಂಡರು, ತಮಗೆ ತಿಳಿದಿದ್ದ ಪದವನ್ನು ಅಂಟಿಸಿದರು. ಆದರೆ ವಹಾಕಾ ಕಣಿವೆಯ ಈ ಗೋರಿಗಳಲ್ಲಿ ಶವಗಳನ್ನು ಸುಡದೆ ಹಾಗೆಯೇ ಮಲಗಿಸುತ್ತಿದ್ದರು. ಮನೆಯ ಅಂಗಳದ ಅಡಿಯಲ್ಲಿ ಕಲ್ಲಿನ ಕೋಣೆ ಕಟ್ಟಿ, ಮನೆತನದ ಹಿರಿಯರನ್ನು ಅಲ್ಲಿ ಇಟ್ಟು, ಮುಂದಿನ ತಲೆಮಾರಿನವರು ತೀರಿಕೊಂಡಾಗ ಅದೇ ಕೋಣೆಯನ್ನು ತೆರೆದು, ಹಳೆಯ ಮೂಳೆಗಳನ್ನು ಪಕ್ಕಕ್ಕೆ ಸರಿಸಿ, ಕೆಲವೊಮ್ಮೆ ಅವಕ್ಕೆ ಕೆಂಪು ಬಣ್ಣ ಬಳಿದು, ಹೊಸಬರಿಗೆ ಜಾಗ ಮಾಡಿಕೊಡುತ್ತಿದ್ದರು. ಅಗೆಯುವವರ ಕೈಗೆ ಬಂದಾಗ ಈ ಕೊಳವೆ ಪಾತ್ರೆಗಳು ಹೆಚ್ಚಾಗಿ ಬರಿದಾಗಿಯೇ ಇದ್ದವು; ಬೂದಿಗೂ ಅವಕ್ಕೂ ಸಂಬಂಧವಿಲ್ಲ. ಗೋರಿಗಳಲ್ಲಿ ಮಾತ್ರವಲ್ಲ, ಗುಡಿಗಳ ನೆಲದಡಿಯಲ್ಲಿ ಕಾಣಿಕೆಯಾಗಿ ಹೂತಿಟ್ಟಂತೆಯೂ ಇವು ದೊರೆತಿವೆ. ಹೀಗಿರುವಾಗ ಶವಸಂಸ್ಕಾರದ ಅರ್ನ್ ಎಂಬ ಹೆಸರು ನೋಡುಗನನ್ನು ಮೊದಲ ಹೆಜ್ಜೆಯಲ್ಲೇ ತಪ್ಪು ದಾರಿಗೆ ಹಚ್ಚುತ್ತದೆ.

ಕನ್ನಡದಲ್ಲಿ ಇದನ್ನು ಬರೆಯಹೊರಟವನಿಗೆ ಈ ತೊಡಕು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅರ್ನ್ ಪದವನ್ನು ಹಾಗೆಯೇ ಅನುವಾದಿಸಿದರೆ ಅಸ್ಥಿಕುಂಭ ಎಂದಾಗಿ ಸುಳ್ಳೇ ನಿಲ್ಲುತ್ತದೆ. ನಾನು ಮೂರ್ತಿಕುಂಭ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿಯ ದಿನ ನೀರು ತುಂಬಿದ ಕಲಶಕ್ಕೆ ದೇವಿಯ ಮುಖವನ್ನು ಕಟ್ಟುತ್ತೇವೆ. ಆ ಹೊತ್ತಿನಿಂದ ಅದನ್ನು ಯಾರೂ ಬರಿಯ ತಂಬಿಗೆಯೆಂದು ನೋಡುವುದಿಲ್ಲ. ಎರಡು ನಾಡುಗಳ ನಡುವೆ ನಂಟು ಕಲ್ಪಿಸುವ ಉದ್ದೇಶದಿಂದ ಇದನ್ನು ಹೇಳುತ್ತಿಲ್ಲ, ಅಂಥ ನಂಟು ಇಲ್ಲ. ಪಾತ್ರೆಗೊಂದು ಮುಖ ಬಂದಾಗ ಅದರಲ್ಲಿ ಏನನ್ನು ತುಂಬಿಡುತ್ತಾರೆ ಎಂದು ಕೇಳುವುದಕ್ಕಿಂತ ಅಲ್ಲಿ ಯಾರು ಬಂದು ಕೂರುತ್ತಾರೆ ಎಂದು ಕೇಳುವುದು ನಮಗೆ ಸಹಜ ಎಂಬುದಷ್ಟೇ ನನ್ನ ಮಾತು. ವಿದ್ವಾಂಸರೂ ಬಹುಕಾಲದಿಂದ ಕೇಳುತ್ತಿರುವುದು ಅದೇ ಪ್ರಶ್ನೆಯನ್ನು.

ಯಾರು ಎಂಬುದಕ್ಕೆ ಒಂದೇ ಉತ್ತರವಿಲ್ಲ. ವಹಾಕಾ ಕಣಿವೆಯ ಮೋಂತೆ ಅಲ್ಬಾನ್ ಬೆಟ್ಟದ ಮೇಲಿನ ಪ್ರಾಚೀನ ಝಪೊಟೆಕ್ ನಗರವನ್ನು 1931ರಿಂದ ಅನೇಕ ವರ್ಷ ಅಗೆಸಿದ ಅಲ್ಫೋನ್ಸೊ ಕಾಸೊ ಮತ್ತು ಅವರ ಜೊತೆಗಾರ ಇಗ್ನಾಸಿಯೊ ಬೆರ್ನಾಲ್ ಈ ಮೂರ್ತಿಗಳನ್ನು ಮುಖ್ಯವಾಗಿ ದೇವತೆಗಳೆಂದು ಬಗೆದು, ಕಿರೀಟ ಮತ್ತು ಚಿಹ್ನೆಗಳನ್ನು ಆಧರಿಸಿ ವರ್ಗೀಕರಿಸಿದರು. ಸೀಳು ನಾಲಿಗೆಯ ಮುಖವಾಡ ಮಳೆ ಮತ್ತು ಮಿಂಚಿನ ಶಕ್ತಿಯಾದ ಕೊಸೀಹೊನದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಡೊಮಿನಿಕನ್ ಪಾದ್ರಿ ಹುವಾನ್ ದೆ ಕೋರ್ದೊವಾ 1578ರಲ್ಲಿ ಅಚ್ಚು ಹಾಕಿಸಿದ ಝಪೊಟೆಕ್ ಪದಕೋಶ ಆ ಶಕ್ತಿಯ ಹೆಸರನ್ನು ನಮಗಾಗಿ ಉಳಿಸಿಕೊಟ್ಟಿದೆ. 260 ದಿನಗಳ ಅವರ ಪಂಚಾಂಗವನ್ನು 65 ದಿನಗಳ ನಾಲ್ಕು ಪಾಲು ಮಾಡಿದಾಗ ಒಂದೊಂದು ಪಾಲಿಗೂ ಕೊಸೀಹೊ ಎಂದೇ ಹೆಸರು. ಮಳೆಯನ್ನೂ ಕಾಲವನ್ನೂ ಒಂದೇ ಹೆಸರಿನಿಂದ ಕರೆದ ಜನ ಎಂಬುದು, ಮುಂಗಾರಿಗಾಗಿ ಆಕಾಶ ನೋಡುವ ನಾಡಿನಿಂದ ಬಂದ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು.

ಕಾಸೊ ಅವರ ನಂತರ ಬಂದ ಜಾಯ್ಸ್ ಮಾರ್ಕಸ್ ಈ ಮೂರ್ತಿಗಳಲ್ಲಿ ಬಹುಪಾಲು ದೇವತೆಗಳಲ್ಲ, ತೀರಿಹೋದ ಹಿರಿಯರು ಎಂದು ವಾದಿಸಿದರು. ಅವರು ತೋರಿಸಿದ ಒಂದು ಆಧಾರ ಸರಳವಾದದ್ದು: ಹಲವು ಮೂರ್ತಿಗಳ ಮೇಲೆ ಪಂಚಾಂಗದ ಹೆಸರುಗಳಿವೆ, ಮತ್ತು ಹುಟ್ಟಿದ ದಿನದ ಹೆಸರನ್ನು ಇಡುತ್ತಿದ್ದುದು ಮನುಷ್ಯರಿಗೆ. ಆಡಮ್ ಸೆಲೆನ್ ಅವರ ಅಧ್ಯಯನ, ಆಚರಣೆಯ ಹೊತ್ತಿನಲ್ಲಿ ದೇವತೆಯ ವೇಷ ತೊಟ್ಟು ಆ ಶಕ್ತಿಯನ್ನು ಮೈಗೂಡಿಸಿಕೊಂಡ ಅರಸರು ಮತ್ತು ಹಿರಿಯರು ಇವರು ಎಂಬ ಕಡೆಗೆ ವಾಲುತ್ತದೆ. ಮೊಗ ತೊಟ್ಟು ನಿಂತ ಪಾತ್ರಿಯ ಮುಂದೆ ಕೈಮುಗಿಯುವಾಗ ಮನುಷ್ಯನಿಗೋ ದೈವಕ್ಕೋ ಎಂದು ಕೇಳದ ಕರಾವಳಿಯ ಕನ್ನಡಿಗರಿಗೆ ಈ ವಾದ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗದು. ಈ ಮೂರು ವಾದಗಳಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವುದು ನನ್ನಂಥವನ ಕೆಲಸವಲ್ಲ. ಆದರೆ ತೀರ್ಮಾನಿಸಲು ಏನು ಬೇಕು ಎಂಬುದು ನನಗೂ ತಿಳಿಯುತ್ತದೆ. ಮೂರ್ತಿ ಎಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಅದರ ಎಡಬಲದಲ್ಲಿ ಏನಿತ್ತು, ಯಾರ ಮೂಳೆಗಳ ಬಳಿಯಿತ್ತು ಎಂಬುದು ಬೇಕು.

ಮೋಂತೆ ಅಲ್ಬಾನ್‌ನ 104ನೆಯ ಗೋರಿಯನ್ನೇ ನೋಡಿ. ಅದರ ಬಾಗಿಲ ಮೇಲ್ಭಾಗದ ಗೂಡಿನಲ್ಲಿ ಕೊಸೀಹೊನ ಕಿರೀಟ ಧರಿಸಿದ ಮಣ್ಣಿನ ಮೂರ್ತಿಯೊಂದು ಕುಳಿತಿತ್ತು. ಬಾಗಿಲನ್ನು ಮುಚ್ಚಿದ್ದ ಕಲ್ಲಿನ ಮೇಲೆ ಅಕ್ಷರಚಿಹ್ನೆಗಳಿದ್ದವು. ಒಳಗಿನ ಗೋಡೆಗಳಲ್ಲಿ ಬಣ್ಣದ ಚಿತ್ರಗಳಿದ್ದವು. ಮೂಳೆಗಳು, ಮಡಕೆಗಳು, ಗೋಡೆಯ ಗೂಡುಗಳು ಎಲ್ಲವೂ ಇಟ್ಟವರು ಇಟ್ಟ ಜಾಗದಲ್ಲೇ ಸಿಕ್ಕವು. ಬಾಗಿಲ ಮೇಲಿನ ಮೂರ್ತಿಯನ್ನು ಚಿಹ್ನೆಗಳ ಜೊತೆ, ಚಿಹ್ನೆಗಳನ್ನು ಚಿತ್ರಗಳ ಜೊತೆ ಹೊಂದಿಸಿ ಓದಲು ಅಲ್ಲಿ ಸಾಧ್ಯವಾಯಿತು. ಇತ್ತೀಚೆಗೆ, 2012ರಲ್ಲಿ, ಮೋಂತೆ ಅಲ್ಬಾನ್‌ಗೆ ಅಂಟಿಕೊಂಡಂತಿರುವ ಅತ್ಸೋಂಪಾ ಬೆಟ್ಟದಲ್ಲಿ ಒಂದರ ಮೇಲೊಂದು ಕಟ್ಟಿದ ಗೋರಿಗಳ ಸಮೂಹವೊಂದನ್ನು ಬಿಡಿಸಿದಾಗಲೂ ಮೂರ್ತಿಕುಂಭ ಸಿಕ್ಕಿತು. ಅದರ ಮೇಲಿನ ಚಿಹ್ನೆಯನ್ನು ಓದಿ ಅದು 8 ಭೂಕಂಪ ಎಂಬ ಪಂಚಾಂಗದ ಹೆಸರು ಹೊತ್ತ ಒಡೆಯನದು ಎಂದು ಗುರುತಿಸಲಾಯಿತು. ಇಟ್ಟ ಜಾಗದಲ್ಲೇ ಸಿಕ್ಕ ಮೂರ್ತಿಗೆ ಹೆಸರು ದೊರೆಯಬಹುದು, ಮನೆತನ ದೊರೆಯಬಹುದು. ನಾನು ಕಂಡ ಮೂರ್ತಿಗೆ ದಾನಿಯ ಉದಾರತೆಯ ಹೊರತು ಬೇರೇನೂ ಉಳಿದಿರಲಿಲ್ಲ.

ಇವು ಹಲವು ಸಲ ಗುಂಪಾಗಿ ಇಟ್ಟವು ಎಂಬುದನ್ನೂ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನಡುವೆ ಒಂದು ಮುಖ್ಯ ಮೂರ್ತಿ, ಅದರ ಜೊತೆಗೆ ಒಂದನ್ನೊಂದು ಹೋಲುವ ಸಂಗಡಿಗ ಮೂರ್ತಿಗಳು. ಮಾರುಕಟ್ಟೆಗೆ ಬಂದಾಗ ಗುಂಪುಗಳು ಒಡೆದವು, ಏಕೆಂದರೆ ಒಂದೊಂದನ್ನೂ ಬೇರೆಬೇರೆ ಮಾರಿದರೆ ಹೆಚ್ಚು ಹಣ. ಒಂದೇ ಕೈ ಮಾಡಿದ, ಒಂದೇ ಆವಿಗೆಯಲ್ಲಿ ಬೆಂದ, ಒಂದೇ ಕತ್ತಲೆಯಲ್ಲಿ ನೂರಾರು ವರ್ಷ ಒಟ್ಟಿಗೆ ಕೂತಿದ್ದ ಮೂರ್ತಿಗಳು ಇಂದು ಬೇರೆ ಬೇರೆ ಖಂಡಗಳಲ್ಲಿ ಇರಬಹುದು ಎಂಬ ಯೋಚನೆ ನನ್ನನ್ನು ಈಗಲೂ ಕಾಡುತ್ತದೆ. ಅವನ್ನು ಮತ್ತೆ ಜೋಡಿಸುವ ದಾರಿ ನಿಮ್ಮ ಕಪಾಟುಗಳಲ್ಲಿರುವ ಹಳೆಯ ಖರೀದಿ ಚೀಟಿಗಳು, ಪತ್ರಗಳು, ಛಾಯಾಚಿತ್ರಗಳ ಮೂಲಕವೇ ಹಾದುಹೋಗುತ್ತದೆ.

ಎರಡನೆಯ ಪ್ರಶ್ನೆ ದಾನ ಎಂಬ ಪದದ್ದು. ಪ್ರಾಚೀನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದನ್ನು ಮೆಕ್ಸಿಕೊ 1827ರಲ್ಲೇ, ಸ್ವಾತಂತ್ರ್ಯ ಪಡೆದು ಆರು ವರ್ಷ ಕಳೆಯುವಷ್ಟರಲ್ಲಿ, ನಿಷೇಧಿಸಿತು. 1897ರ ಕಾಯಿದೆ ಪುರಾತನ ಸ್ಮಾರಕಗಳನ್ನು ರಾಷ್ಟ್ರದ ಸ್ವತ್ತೆಂದು ಸಾರಿತು. 1972ರ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ನಮ್ಮ ದೇಶದ ಪುರಾತನ ವಸ್ತುಗಳ ಕಾಯಿದೆಯೂ ಅದೇ 1972ರದು ಎಂಬುದನ್ನು ಕನ್ನಡ ಓದುಗರು ಗಮನಿಸಬೇಕು. ಆದರೂ 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಮೊದಲ ದಶಕಗಳಲ್ಲಿ ವಹಾಕಾದಿಂದ ಮೂರ್ತಿಕುಂಭಗಳು ಹರಿದು ಹೊರಗೆ ಹೋದವು. ಗಣಿ, ವ್ಯಾಪಾರ, ರಾಜತಾಂತ್ರಿಕ ಕೆಲಸ ಎಂದು ಅಲ್ಲಿ ನೆಲೆಸಿದ್ದವರು ಕೊಂಡರು, ವಿನಿಮಯ ಮಾಡಿಕೊಂಡರು, ಮಾರಿದರು. ವಹಾಕಾದಲ್ಲಿ ಬ್ರಿಟನ್ನಿನ ವೈಸ್ ಕಾನ್ಸಲ್ ಆಗಿದ್ದ ಕಾನ್‌ಸ್ಟಂಟೈನ್ ರಿಕರ್ಡ್ಸ್ ಕೂಡಿಹಾಕಿದ ದೊಡ್ಡ ಸಂಗ್ರಹ 1920ರ ಆಸುಪಾಸಿನಲ್ಲಿ ಟೊರಾಂಟೊದ ರಾಯಲ್ ಒಂಟಾರಿಯೊ ವಸ್ತುಸಂಗ್ರಹಾಲಯವನ್ನು ಸೇರಿತು. ಎಲ್ಲವೂ ಹೊರಗೇ ಹೋಯಿತು ಎಂದಲ್ಲ. ವಹಾಕಾದ ವೈದ್ಯ ಫೆರ್ನಾಂಡೊ ಸೊಲೊಗುರೆನ್ ಕೂಡಿಸಿದ್ದು ಮೆಕ್ಸಿಕೊದ ರಾಷ್ಟ್ರೀಯ ಸಂಗ್ರಹಕ್ಕೇ ಸೇರಿತು. ಹಾಗಿರುವಾಗ ಫಲಕದ ಮೇಲೆ ದಾನ ಎಂದು ಬರೆದರೆ, ಕೊನೆಯ ಕೈಯಿಂದ ನಿಮ್ಮ ಕೈಗೆ ಹೇಗೆ ಬಂತು ಎಂಬುದು ತಿಳಿಯುತ್ತದೆ, ನೆಲದಿಂದ ಮೊದಲ ಕೈಗೆ ಹೇಗೆ ಬಂತು ಎಂಬುದು ಮುಚ್ಚಿಹೋಗುತ್ತದೆ. ಯಾರನ್ನೂ ಕಟಕಟೆಗೆ ಏರಿಸಲು ಇದನ್ನು ಬರೆಯುತ್ತಿಲ್ಲ. ವಸ್ತು ಎಲ್ಲಿಂದ ಹೊರಟಿತು ಎಂಬುದೂ ಅದರ ಚರಿತ್ರೆಯೇ, ಮತ್ತು ಆ ಚರಿತ್ರೆಯ ಒಂದೇ ಪ್ರತಿ ನಿಮ್ಮ ಬಳಿಯಿದೆ.

ಮೂರನೆಯದು, ನಾನು ಅತಿ ಹೆಚ್ಚು ಯೋಚಿಸಿದ ವಿಷಯ, ನಕಲಿಗಳದು. ಕೊಳ್ಳುವವರು ಹೆಚ್ಚಾದಂತೆ ಮೂರ್ತಿಕುಂಭಗಳನ್ನು ಹೊಸದಾಗಿ ಮಾಡಿ ಹಳೆಯದೆಂದು ಮಾರುವವರೂ ಹೆಚ್ಚಾದರು. 20ನೆಯ ಶತಮಾನದ ಆರಂಭಕ್ಕೆ ಈ ಕಸುಬು ಎಷ್ಟು ಬೆಳೆದಿತ್ತೆಂದರೆ, ಮೆಕ್ಸಿಕೊ ಸರ್ಕಾರದ ಪುರಾತತ್ವ ಅಧಿಕಾರಿಯಾಗಿದ್ದ ಲಿಯೊಪೋಲ್ಡೊ ಬಾತ್ರೆಸ್ ನಕಲಿ ಪ್ರಾಚೀನ ವಸ್ತುಗಳ ಬಗ್ಗೆಯೇ ಒಂದು ಪುಸ್ತಕ ಬರೆದು ಎಚ್ಚರಿಸಬೇಕಾಯಿತು. ಝಪೊಟೆಕ್ ಕುಂಬಾರರು ತಿಗರಿ ಬಳಸಿದವರಲ್ಲ. ಮಣ್ಣಿನ ಹಾಳೆಗಳನ್ನು ಬಾಗಿಸಿ, ಅಂಟಿಸಿ, ಸಣ್ಣ ಸಣ್ಣ ಅಲಂಕಾರಗಳನ್ನು ಕೈಯಿಂದ ಮೆತ್ತಿ, ಮುಂದೆ ಕೆಲವು ಭಾಗಗಳಿಗೆ ಅಚ್ಚು ಬಳಸಿ ಮೂರ್ತಿ ಕಟ್ಟುತ್ತಿದ್ದರು. ಅದೇ ಕಣಿವೆಯ, ಅದೇ ಮಣ್ಣಿನ, ಅದೇ ಕೈಚಳಕದ ವಾರಸುದಾರರು ಹೊಸದನ್ನು ಮಾಡಿದಾಗ ಬರಿಗಣ್ಣಿಗೆ ಗುರುತು ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಚಿಹ್ನೆಗಳ ಅರ್ಥ ಗೊತ್ತಿಲ್ಲದೆ ನಕಲು ಮಾಡಿದಾಗ ಒಂದರ ಕಿರೀಟ ಇನ್ನೊಂದರ ತಲೆಗೆ, ಒಂದರ ಎದೆಪದಕ ಮತ್ತೊಂದರ ಹಣೆಗೆ ಬರುತ್ತದೆ. ಹಳೆಯ ಚೂರುಗಳನ್ನು ಹೊಸ ಮಣ್ಣಿನಿಂದ ಬೆಸೆದು ಪೂರ್ಣಮೂರ್ತಿಯೆಂದು ಮಾರಿದವೂ ಇವೆ.

ಇದನ್ನು ಬಿಡಿಸಿ ಹೇಳಿದ್ದು ವಿಜ್ಞಾನ. ಮಣ್ಣಿನಲ್ಲಿರುವ ಸ್ಫಟಿಕದ ಕಣಗಳು ಸುತ್ತಲಿನ ಸಹಜ ವಿಕಿರಣದಿಂದ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಶಕ್ತಿಯನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಆವಿಗೆಯ ಬೆಂಕಿಯಲ್ಲಿ ಬೆಂದಾಗ ಆ ಲೆಕ್ಕ ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೂರ್ತಿಯ ಕಾಣದ ಭಾಗದಿಂದ ಚಿಟಿಕೆಯಷ್ಟು ಪುಡಿ ತೆಗೆದು ಕಾಯಿಸಿದರೆ, ಕೂಡಿಟ್ಟ ಶಕ್ತಿ ಮಂದ ಬೆಳಕಾಗಿ ಹೊರಬರುತ್ತದೆ. ಆ ಬೆಳಕನ್ನು ಅಳೆದು ಅದು ಬೆಂದು ಸಾವಿರ ವರ್ಷವಾಯಿತೋ ನೂರು ವರ್ಷವಾಯಿತೋ ಎಂದು ಹೇಳಬಹುದು. ಥರ್ಮೊಲ್ಯುಮಿನೆಸೆನ್ಸ್ ಎಂಬ ಈ ಪರೀಕ್ಷೆಯನ್ನು 1970ರ ದಶಕದಲ್ಲಿ ವಹಾಕಾದ ಮೂರ್ತಿಗಳಿಗೆ ಅನ್ವಯಿಸಲಾಯಿತು. ಶೈಲಿಯ ಅಧ್ಯಯನವನ್ನೂ ಈ ಪರೀಕ್ಷೆಯನ್ನೂ ಒಟ್ಟಿಗೆ ಇಟ್ಟುಕೊಂಡು ಫಿಲಿಪ್ಪಾ ಶಾಪ್ಲಿನ್ 1978ರಲ್ಲಿ ಪ್ರಕಟಿಸಿದ ಲೇಖನ ಈ ದಾರಿಯಲ್ಲಿ ಮೊದಲನೆಯವುಗಳಲ್ಲಿ ಒಂದು. ರಾಯಲ್ ಒಂಟಾರಿಯೊ ವಸ್ತುಸಂಗ್ರಹಾಲಯದ ಮೂರ್ತಿಗಳಲ್ಲಿ ಹಲವು ಆಧುನಿಕ ಕಾಲದವೆಂದು ಹೊರಬಿತ್ತು. ಫ್ರಾನ್ಸಿನ ಸಂಗ್ರಹಗಳಲ್ಲಿಯೂ ನಕಲಿಗಳು ಇರುವುದನ್ನು ಪಾಸ್ಕಲ್ ಮೋಂಞ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಈ ಸತ್ಯವನ್ನು ಒಳಗಿನವರೇ ಹುಡುಕಿ ಹೊರಗೆ ಹೇಳಿದರು ಎಂಬುದಕ್ಕಾಗಿ ಆ ಸಂಸ್ಥೆಗಳ ಬಗ್ಗೆ ನನಗೆ ಗೌರವವಿದೆ.

ಈ ಶ್ರಮ ಮಾಡದೇ ಇದ್ದರೆ ಏನಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿ. 20ನೆಯ ಶತಮಾನದ ಮಧ್ಯಭಾಗದ ದೊಡ್ಡ ಸಚಿತ್ರ ಸೂಚಿಗಳಲ್ಲಿ ಅಸಲಿ ಮೂರ್ತಿಗಳ ಪಕ್ಕದಲ್ಲೇ ನಕಲಿಗಳೂ ಅಚ್ಚಾದವು. ಅವನ್ನು ನೋಡಿ ಬರೆದವರು ಝಪೊಟೆಕ್ ಧರ್ಮದ ಬಗ್ಗೆ ಹೇಳಿದ್ದರಲ್ಲಿ ಒಂದು ಪಾಲು, ವಹಾಕಾದ ಯಾವುದೋ ಕುಂಬಾರ 1910ರ ಸುಮಾರಿಗೆ ಪ್ರವಾಸಿಗಾಗಿ ಕಲ್ಪಿಸಿಕೊಂಡದ್ದು. ತನ್ನ ಪೂರ್ವಜರು ಪೂಜಿಸಿದ್ದು ಇದನ್ನು ಎಂದು ಒಂದು ಝಪೊಟೆಕ್ ಮಗು ನಿಮ್ಮ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ತಿಳಿದುಕೊಂಡರೆ, ಎಂದೂ ಇಲ್ಲದ ದೇವರೊಂದನ್ನು ನಾವು ಆ ಮಗುವಿನ ತಲೆಗೆ ಕಟ್ಟಿದಂತೆ. 2020ರ ಜನಗಣತಿಯ ಪ್ರಕಾರ ಮೆಕ್ಸಿಕೊದಲ್ಲಿ ಝಪೊಟೆಕ್ ಭಾಷೆಗಳನ್ನು ಆಡುವವರು ನಾಲ್ಕು ಲಕ್ಷಕ್ಕೂ ಹೆಚ್ಚು. ಲಾಸ್ ಏಂಜಲೀಸ್‌ನಂಥ ನಗರಗಳಲ್ಲೂ ಅವರ ನೆಲೆಗಳಿವೆ. ಕೆಲವು ಫಲಕಗಳು ಝಪೊಟೆಕರನ್ನು ಕಣ್ಮರೆಯಾದ ಜನಾಂಗ ಎಂಬ ಧಾಟಿಯಲ್ಲಿ ಪರಿಚಯಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಮೋಂತೆ ಅಲ್ಬಾನ್ ನಗರ 9ನೆಯ ಶತಮಾನದ ಹೊತ್ತಿಗೆ ಬರಿದಾಯಿತು, ಜನ ಬರಿದಾಗಲಿಲ್ಲ. ಅವರು ತಮ್ಮನ್ನು ಮೋಡಗಳ ಜನ ಎಂದು ಕರೆದುಕೊಳ್ಳುತ್ತ ಅದೇ ಕಣಿವೆಯಲ್ಲಿ, ಅದೇ ಬೆಟ್ಟಗಳಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದಾರೆ, ನೇಯುತ್ತಿದ್ದಾರೆ, ಮಡಕೆ ಸುಡುತ್ತಿದ್ದಾರೆ.

ನಕಲಿಗಳನ್ನು ಒಡೆಯಿರಿ, ನೆಲಮಾಳಿಗೆಗೆ ಸರಿಸಿ ಬಚ್ಚಿಡಿ ಎಂದು ನಾನು ಹೇಳುವುದಿಲ್ಲ. ಅವನ್ನು ಅವುಗಳ ನಿಜವಾದ ಹೆಸರಿನಲ್ಲಿ ತೋರಿಸಿ: ವಹಾಕಾ, 20ನೆಯ ಶತಮಾನದ ಆರಂಭ, ಮಾರಾಟಕ್ಕಾಗಿ ಮಾಡಿದ್ದು. ಹಸಿವಿಗೋ ಹಣಕ್ಕೋ ಆ ಕೆಲಸ ಮಾಡಿದ ಕೈಗಳಿಗೂ ಒಂದು ಚರಿತ್ರೆಯಿದೆ, ಅವರನ್ನು ಆ ಕೆಲಸಕ್ಕೆ ಹಚ್ಚಿದ ಕೊಳ್ಳುವವರ ಆಸೆಗೂ ಇದೆ. ಅಸಲಿಯನ್ನೂ ನಕಲಿಯನ್ನೂ ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ಬಿಡಿಸಿ ತೋರಿಸುವ ಒಂದು ಕಪಾಟಿನ ಮುಂದೆ ವಿದ್ಯಾರ್ಥಿಗಳು ಕಲಿಯುವಷ್ಟನ್ನು, ಹತ್ತು ಕೋಣೆಗಳ ಮುಂದೆ ಕಲಿಯಲಾರರು ಎಂದು ತರಗತಿಯ ಅನುಭವದಿಂದ ಹೇಳಬಲ್ಲೆ.

ಆದ್ದರಿಂದ ನನ್ನ ಕೋರಿಕೆ ಫಲಕದ್ದೇ. ನಿಮ್ಮಲ್ಲಿರುವ ಪ್ರತಿಯೊಂದು ಝಪೊಟೆಕ್ ಮೂರ್ತಿಕುಂಭದ ಪಕ್ಕದಲ್ಲಿ, ಅದು ದೊರೆತ ಜಾಗ ಗೊತ್ತಿದ್ದರೆ ಆ ಜಾಗವನ್ನು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂಬ ಮಾತನ್ನೇ ಸ್ಪಷ್ಟವಾಗಿ ಬರೆಯಿರಿ. ಯಾರಿಂದ, ಯಾವ ವರ್ಷ, ಕೊಂಡದ್ದೋ ಕೊಟ್ಟದ್ದೋ ಎಂಬುದನ್ನು ಬರೆಯಿರಿ. ಕಾಲಪರೀಕ್ಷೆ ನಡೆದಿದೆಯೇ, ನಡೆದಿದ್ದರೆ ಏನು ತಿಳಿಯಿತು, ಯಾವ ಭಾಗ ಮೂಲದ್ದು, ಯಾವ ಭಾಗ ಆಮೇಲೆ ಸೇರಿಸಿದ್ದು ಎಂಬುದನ್ನು ಬರೆಯಿರಿ. ಬೂದಿಯ ಪಾತ್ರೆ ಎಂಬ ಅರ್ಥ ಹುಟ್ಟಿಸುವ ಹೆಸರನ್ನು ಕೈಬಿಡಿ. ಅಭ್ಯಾಸಬಲದಿಂದ ಅರ್ನ್ ಎಂಬ ಪದ ಉಳಿಯಲೇಬೇಕೆಂದಿದ್ದರೆ ಅದು ಏಕೆ ಸರಿಯಲ್ಲ ಎಂಬ ಒಂದು ಸಾಲನ್ನಾದರೂ ಸೇರಿಸಿ. ಈ ಮಾಹಿತಿಯನ್ನೂ ಬೆನ್ನಿನ ಕಡೆಯಿಂದ ತೆಗೆದ ಚಿತ್ರಗಳನ್ನೂ, ಖರೀದಿ ಪತ್ರಗಳ ಪ್ರತಿಗಳನ್ನೂ ಯಾರು ಬೇಕಾದರೂ ನೋಡುವಂತೆ ತೆರೆದಿಡಿ, ಇಂಗ್ಲಿಷ್, ಜರ್ಮನ್, ಫ್ರೆಂಚ್‌ಗಳಲ್ಲಿ ಮಾತ್ರವಲ್ಲ, ಸ್ಪ್ಯಾನಿಷ್‌ನಲ್ಲೂ, ಊರಿನವರ ನೆರವು ಪಡೆದು ಝಪೊಟೆಕ್ ಭಾಷೆಗಳಲ್ಲೂ.

ಬೆನ್ನಿನ ಚಿತ್ರಗಳನ್ನು ಬಿಡಿಸಿ ಕೇಳುವುದೇಕೆಂದರೆ, ಮೂರ್ತಿಯ ಮುಂಭಾಗ ನೋಡುವವರಿಗಾಗಿ ಇದೆ, ಹಿಂಭಾಗದಲ್ಲಿ ಮಾಡಿದವನ ಬೆರಳಿದೆ. ಹಾಳೆಗಳನ್ನು ಬೆಸೆದ ಜಾಗ, ಒತ್ತಿದ ಗುರುತು, ಬಿರುಕು ತುಂಬಿದ ಬಗೆ ಇವೆಲ್ಲ ಅಲ್ಲಿ ಕಾಣುತ್ತವೆ. ಹಂಚಿಹೋದ ಗುಂಪುಗಳನ್ನು ಗುರುತಿಸಲು ಇದು ನೆರವಾಗುತ್ತದೆ ಎಂದು ನಂಬಿದ್ದೇನೆ. ಅತ್ಸೋಂಪಾದಲ್ಲಿ ಅಗೆದಾಗ ಸಿಕ್ಕ ಹಳೆಯ ಆವಿಗೆಯಂಥದೇ ಆವಿಗೆಯಲ್ಲಿ ಇಂದಿಗೂ ಮಡಕೆ ಸುಡುವ ಅಲ್ಲಿನ ಕುಂಬಾರರಿಗೆ ಈ ಚಿತ್ರಗಳನ್ನು ತೋರಿಸಿದರೆ, ಪ್ರಯೋಗಾಲಯಕ್ಕೆ ಕಾಣದ್ದು ಅವರಿಗೆ ಕಂಡೀತು.

ಇಷ್ಟಕ್ಕೆಲ್ಲ ಹಣವೂ ಜನವೂ ಬೇಕು ಎಂದು ನೀವು ಹೇಳಬಹುದು, ಅದು ನಿಜವೂ ಹೌದು. ಆದರೆ ಫಲಕದಲ್ಲಿ ಗೊತ್ತಿಲ್ಲ ಎಂದು ಬರೆಯಲು ಹಣ ಬೇಕಾಗಿಲ್ಲ. ನೋಡುಗರು ಉದ್ದನೆಯ ಫಲಕ ಓದುವುದಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ನಾನು ಕಂಡ ಹಾಗೆ, ಓದಲು ಏನಾದರೂ ಇದ್ದ ಕಡೆ ಜನ ನಿಂತು ಓದುತ್ತಾರೆ. ಮೊಮ್ಮಕ್ಕಳಿಗೆ ಓದಿ ಹೇಳುವ ಅಜ್ಜ ಅಜ್ಜಿಯರಂತೂ ಕೊನೆಯ ಸಾಲಿನವರೆಗೆ ಓದುತ್ತಾರೆ.

ಇನ್ನೊಂದು ಅಂಜಿಕೆ ನೀವು ಬಾಯಿಬಿಟ್ಟು ಹೇಳದೇ ಇರಬಹುದು: ಎಲ್ಲವನ್ನೂ ಬರೆದಿಟ್ಟರೆ ನಾಳೆ ಮರಳಿ ಕೊಡಿ ಎಂದು ಕೇಳುತ್ತಾರೆ ಎಂಬುದು. ಕೇಳಲಿ. ಕಾಯಿದೆಯನ್ನು ಮುರಿದು ಹೊರಬಂದದ್ದು ಎಂದು ನಿಮ್ಮ ದಾಖಲೆಯೇ ತೋರಿಸಿದರೆ, ಅದನ್ನು ಮರಳಿಸುವ ಮಾತುಕತೆಗೆ ಕೂರುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ. ನಮ್ಮ ದೇಶದ ಗುಡಿಗಳಿಂದ ಕದ್ದೊಯ್ದ ವಿಗ್ರಹಗಳು ವಿದೇಶದಿಂದ ಮರಳಿ ಬಂದಾಗ ಸಂತೋಷಪಟ್ಟ ನಾವು ವಹಾಕಾದವರ ಕೇಳಿಕೆಯನ್ನು ಬೇರೆ ತಕ್ಕಡಿಯಲ್ಲಿ ತೂಗಲಾಗದು. ಆದರೆ ಎಲ್ಲವೂ ಇಂದೇ ಹಡಗು ಹತ್ತಬೇಕು ಎಂಬುದು ಈ ಪತ್ರದ ಬೇಡಿಕೆಯಲ್ಲ. ಮೊದಲು ಏನಿದೆ ಎಂದು ತಿಳಿಯಲಿ. ವಹಾಕಾದವರು ಈ ವಿಷಯದಲ್ಲಿ ಕೈಕಟ್ಟಿ ಕೂತವರಲ್ಲ. ಸಾಂತಾ ಆನಾ ದೆಲ್ ವಾಯೆ ಎಂಬ ನೇಕಾರರ ಊರಿನವರು ತಮ್ಮ ಊರ ನಡುವಿನ ಬಯಲಿನಲ್ಲಿ ಪ್ರಾಚೀನ ವಸ್ತುಗಳು ಸಿಕ್ಕಾಗ ಅವು ಊರಲ್ಲೇ ಉಳಿಯಬೇಕೆಂದು ಬಯಸಿ, 1986ರಲ್ಲಿ ಶಾನ್ ದಾನಿ ಎಂಬ ಸಮುದಾಯ ವಸ್ತುಸಂಗ್ರಹಾಲಯ ತೆರೆದರು. ಝಪೊಟೆಕ್‌ನಲ್ಲಿ ಆ ಹೆಸರಿನ ಅರ್ಥ ಬೆಟ್ಟದ ಬುಡ. ಊರಿನವರೇ ಸರದಿಯಂತೆ ಹೊಣೆ ಹೊರುವ ಇಂಥ ಸಂಗ್ರಹಾಲಯಗಳು ಆಮೇಲೆ ವಹಾಕಾದ ಅನೇಕ ಊರುಗಳಲ್ಲಿ ಹುಟ್ಟಿದವು. ನಿಮ್ಮ ಸೂಚಿಗಳನ್ನು ಕಳುಹಿಸಲು ವಿಳಾಸ ಹುಡುಕುವ ಕಷ್ಟವಿಲ್ಲ.

ವಿದೇಶಗಳಲ್ಲಿರುವ ಕನ್ನಡ ಓದುಗರಲ್ಲಿ ಒಂದು ಮಾತು. ನಿಮ್ಮ ಊರಿನ ವಸ್ತುಸಂಗ್ರಹಾಲಯದಲ್ಲಿ ಮೆಕ್ಸಿಕೊದ ಕೋಣೆ ಇದ್ದರೆ, ಮುಂದಿನ ಸಲ ಹೋದಾಗ ಬೂದು ಮಣ್ಣಿನ, ಸೀಳು ನಾಲಿಗೆಯ ಮೂರ್ತಿ ಇದೆಯೇ ನೋಡಿ. ಇದ್ದರೆ ಅದರ ಫಲಕ ಓದಿ. ಎಲ್ಲಿ ಸಿಕ್ಕಿತು ಎಂಬುದು ಅಲ್ಲಿ ಇಲ್ಲದಿದ್ದರೆ, ಮಾಹಿತಿ ಮೇಜಿನ ಬಳಿ ಹೋಗಿ ಸೌಜನ್ಯದಿಂದ ಕೇಳಿ, ಬರವಣಿಗೆಯಲ್ಲಿ ಉತ್ತರ ಕೋರಿ. ಒಬ್ಬ ಮುದುಕ ಕೇಳಿದಾಗ ಎರಡು ಸಾಲಿನ ಉತ್ತರ ಬಂತು. ನೂರು ಜನ ಕೇಳಿದರೆ ಯಾರಾದರೂ ಕಡತ ತೆರೆದು ನೋಡುವರು.

ಮಾನ್ಯರೇ, ನಾನು ಕಂಡ ಆ ಮೂರ್ತಿಯ ತಳಭಾಗದಲ್ಲಿ ಕಪ್ಪು ಮಸಿಯಲ್ಲಿ ಬರೆದ ಒಂದು ಹಳೆಯ ಸಂಖ್ಯೆ ಇತ್ತು, ಬಗ್ಗಿ ನೋಡಿದರೆ ಗಾಜಿನೊಳಗಿಂದಲೂ ಅರೆಬರೆ ಕಾಣುವಂತೆ. ಅದು ನಿಮ್ಮ ಸಂಖ್ಯೆಯಲ್ಲ, ಅದಕ್ಕಿಂತ ಮೊದಲಿನ ಯಾವುದೋ ಮಾಲೀಕನದು ಎಂದು ನನಗೆ ಅನಿಸಿತು. ಅಂಥ ಸಂಖ್ಯೆಗಳು ನಿಮ್ಮಲ್ಲಿರುವ ಮೂರ್ತಿಗಳ ಮೇಲೆ ಎಷ್ಟಿವೆ, ಏನೇನಿವೆ ಎಂಬ ಪಟ್ಟಿಯೊಂದನ್ನು ಈ ವರ್ಷವೇ ಪ್ರಕಟಿಸಿ ಕೆಲಸ ಆರಂಭಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕವಾಗಿ,
ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕ
ಶಿವಮೊಗ್ಗ ಜಿಲ್ಲೆ